ನೀಲವ್ವತ್ತೆಯ ಅಬ್ಬಲಿಗೆ

ಕುಂಡದ ಅಬ್ಬಲಿಗೆಗೆ ಮೇಲಿನಿಂದ ನೀರು ಚಿಮುಕಿಸಿ ತಂಬಿಗೆ ಕೆಳಗಿಡುವಷ್ಟರಲ್ಲಿ ಒಣಗಿದ ಕಾಯಿಗಳು ಪಟಪಟ ಸಿಡಿಯತೊಡಗುತ್ತವೆ. ಮನೆಗೆ ಬಂದ ಹೊಸಬರು ಬೆಚ್ಚಿ ತಿರುಗಿ ನೋಡುತ್ತಾರೆ. ನನಗಾದರೋ ಆ ಸದ್ದಿಗೆ ಇಳಕಲ್ಲಿನ ನಮ್ಮ ಹಿತ್ತಲು ಕಣ್ಣ ಮುಂದೆ ಬರುತ್ತದೆ, ಅದರ ಹಿಂದೆಯೇ ನಾಚಿಕೆಯೂ ಬರುತ್ತದೆ. ಆ ಮನೆ ಈಗಿಲ್ಲ, ಹಿತ್ತಲಿದ್ದ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ. ಓಣಿಯ ಮಗ್ಗಗಳ ಲಟಪಟ, ಬಚ್ಚಲ ಒಲೆಯ ಹೊಗೆ, ಬಿಸಿಲಿಗೆ ಕಾದ ಕೆಂಪು ಕಲ್ಲಿನ ವಾಸನೆ, ಅವುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದರುತ್ತಿದ್ದ ನೀಲವ್ವತ್ತೆ. ಆಕೆ ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು.

ಗರಸು ಮಣ್ಣಿನ ಆ ಹಿತ್ತಲಲ್ಲಿ ಅವ್ವ ಮಲ್ಲಿಗೆ ಹಚ್ಚಿ ಸೋತಿದ್ದಳು. ಅತ್ತೆ ಅಬ್ಬಲಿಗೆ ಹಚ್ಚಿ ಗೆದ್ದಳು. ಬುಡದ ಸುತ್ತ ಕಲ್ಲಿನ ಚೂರು ಹಾಸಿ ತೇವ ಆರದಂತೆ ನೋಡಿಕೊಳ್ಳುತ್ತಿದ್ದಳು. ಹೂ ಮುಗಿದ ತೆನೆಗಳನ್ನು ಚಿವುಟಿ, ಬೀಜಕ್ಕೆಂದು ಕೆಲವನ್ನಷ್ಟೇ ಉಳಿಸುತ್ತಿದ್ದಳು. ಬಾವಿಯ ತಳ ಕಾಣುವ ಬೇಸಿಗೆಯಲ್ಲಿ ಗಿಡ ಸತ್ತೇಹೋಯಿತೆನ್ನುವಂತೆ ಜೋತುಬಿದ್ದರೂ, ಸಂಜೆ ಅಕ್ಕಿ ತೊಳೆದ ನೀರು ಹನಿಸಿದರೆ ಸಾಕು, ಬೆಳಗಿಗೆ ಕೇಸರಿ ಹೂ ತಲೆಯೆತ್ತಿ ನಿಂತಿರುತ್ತಿತ್ತು. ಓಣಿಯ ಮದುವೆಗೆ, ಬಸುರಿಯರ ಕುಬಸಕ್ಕೆ ನಮ್ಮ ಹಿತ್ತಲಿನ ಹೂವೇ ಆಗಬೇಕು. ಮಾಲೆ ಕಟ್ಟುವವಳು ಅತ್ತೆ, ಒಯ್ದು ಕೊಡುವವಳು ನಾನು. ನನ್ನ ಕೈಗುಣ ಒಳ್ಳೆಯದೆಂದು ಹೊಗಳಿ ಹೆಂಗಸರು ಬೆಲ್ಲದ ಚೂರು ಕೊಡುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ. ಪಕ್ಕದ ಮನೆಯ ಖಾಜಾಬಿ ಮಾತ್ರ ಗೋಡೆಯಾಚೆಯಿಂದ ಸೆರಗು ಚಾಚಿ ಅತ್ತೆಯ ಕೈಯಿಂದಲೇ ಹೂ ಇಸಿದುಕೊಳ್ಳುತ್ತಿದ್ದಳು. ಆಕೆಗೇನೋ ಅವಸರ ಎಂದುಕೊಂಡಿದ್ದೆ.

ಒಮ್ಮೆ ನಾನು ಜ್ವರದಿಂದ ಮಲಗಿದ್ದೆ. ಎದುರು ಮನೆಯಲ್ಲಿ ಕುಬಸ, ಹೂ ಹೋಗಲೇಬೇಕು. ಅತ್ತೆ ಮುತ್ತಲೆಲೆಯಲ್ಲಿ ಮಾಲೆ ಸುತ್ತಿಕೊಂಡು ಬಂದು ಹಾಸಿಗೆಯ ಬಳಿ ಕೂತಳು.

"ಒಂದೀಟು ಮುಟ್ಟಿ ಕೊಡವ್ವಾ. ನೀ ಮುಟ್ಟಿದ್ದಂದ್ರ ತೊಗೋತಾರ."

ಮುಟ್ಟಿದೆ. ಕಿಟಕಿಯಿಂದ ನೋಡಿದರೆ ಅತ್ತೆ ಅವರ ಹೊಸ್ತಿಲಿನ ಹೊರಗೇ ನಿಂತು, ಒಳಗಿನ ಚಿಕ್ಕ ಹುಡುಗಿಯನ್ನು ಕರೆದು ಎಲೆಯ ಪೊಟ್ಟಣ ಕೊಟ್ಟು ಸರಸರ ಹಿಂದಿರುಗಿದಳು. ನನ್ನ ಕೈಗುಣವೆಂದರೆ ಏನೆಂದು ಆವತ್ತು ತಿಳಿಯಿತು. ದಿನಾ ಸಂಜೆ ವಚನ ಹಾಡುವ ಮನೆ ನಮ್ಮದು. ಹೆಣ್ಣು ಗಂಡೆಂಬ ಭೇದವಿಲ್ಲ, ಸೂತಕವಿಲ್ಲ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆ ಸಂಜೆಯೂ ಹಾಡು ನಡೆಯಿತು, ಅತ್ತೆಯೂ ದನಿಗೂಡಿಸಿದಳು.

ನನ್ನ ಮದುವೆ ಗೊತ್ತಾದಾಗ ಒಂದು ಮಾತು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಮದುವೆಯ ಬೆಳಿಗ್ಗೆ ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು, ರೂಢಿಯಂತೆ ಮಾಲೆಯನ್ನು ನನ್ನತ್ತ ಚಾಚಿದಳು. ನಾನು ಕೈ ನೀಡದೆ ಬೆನ್ನು ತಿರುಗಿಸಿ ಜಡೆ ಒಡ್ಡಿದೆ.

"ಅತ್ತಿ, ನೀನ ಮುಡಸು."

ಒಳಗಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಅವ್ವ ಸೀರೆಯ ನಿರಿಗೆ ನೋಡತೊಡಗಿದಳು. ಅತ್ತೆಯ ಬೆರಳು ಜಡೆಗೆ ತಾಕಿದಂತಾಯಿತು, ಸರಿಯಿತು.

"ಬ್ಯಾಡವ್ವಾ. ಗಿಡಾ ಹಚ್ಚಾಕಿ ನಾ. ಮುಡಸಾಕಿ ನಿಮ್ಮವ್ವ."

ಆಗ ನನಗೆ ದುಃಖವಾಗಬೇಕಿತ್ತು. ಆದದ್ದು ಸಮಾಧಾನ. ಎಲ್ಲರ ಮುಂದೆ ಧೈರ್ಯದ ಮಾತಾಡಿದ್ದೆ, ಆದರೆ ಆ ಬೆರಳು ತಾಕಿದ ಗಳಿಗೆಯಲ್ಲಿ ನನ್ನ ಬಾಳಿಗೇನಾದೀತೋ ಎಂದು ಹೆದರಿದ್ದೆ. ಆಕೆ ಬೇಡವೆಂದಾಗ ಹಗುರಾದೆ. ಅತ್ತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ನನ್ನ ಹೆಗಲು ಇಳಿದದ್ದನ್ನು ಕಾಣದೇ ಇರಲಿಲ್ಲ.

ನಾನು ಬಾದಾಮಿಯ ಸೊಸೆಯಾದೆ. ಕೆಲವು ವರ್ಷಗಳ ಮೇಲೆ ನೀಲವ್ವತ್ತೆ ತೀರಿಕೊಂಡಳೆಂದು ಸುದ್ದಿ ಬಂದು ಇಳಕಲ್ಲಿಗೆ ಓಡಿದೆ. ಆಕೆ ಹಾಸಿಗೆ ಹಿಡಿದ ಮೇಲೆ ತೆನೆ ಚಿವುಟುವವರಿಲ್ಲದೆ ಗಿಡಗಳ ತುಂಬ ಒಣಕಾಯಿಗಳಿದ್ದವು. ಆಕೆಯನ್ನು ಹಿತ್ತಲಲ್ಲೇ ಮೀಯಿಸಿದರು. ಕೊಡದ ನೀರು ಸಿಡಿದು ಗಿಡಗಳ ಮೇಲೆ ಬಿದ್ದಂತೆ ಕಾಯಿಗಳು ಪಟಪಟ ಒಡೆದವು. ಅಳುತ್ತಿದ್ದವರೂ ತಿರುಗಿ ನೋಡಿದರು. ವಿಭೂತಿ ಹಚ್ಚಿ ಕೂರಿಸಿದ ಮೇಲೆ, ಇದ್ದ ಹೂವೆಲ್ಲ ಬಿಡಿಸಿ ಹಾರ ಕಟ್ಟಿದೆವು. ಉಳಿದ ಒಂದು ತುಂಡನ್ನು ನಾನು ಹೆದರುತ್ತಲೇ ಆಕೆಯ ತುರುಬಿಗೆ ಸಿಕ್ಕಿಸಿದೆ. ಯಾರೂ ತಡೆಯಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅವ್ವ, "ಇನ್ನೊಂದೀಟು ಮುಡಸು" ಅಂದಳು.