ಹನಿ ಬಿದ್ದರೆ ಮಿಸ್ ಕಾಲ್

ಮೇ ತಿಂಗಳ ಮಧ್ಯಾಹ್ನ, ಹರಪನಹಳ್ಳಿಯ ಊರಾಚೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಸಿಮೆಂಟ್ ಕಣದಲ್ಲಿ ಹನುಮಕ್ಕ ಎಂಬಾಕೆ ಮೆಕ್ಕೆಜೋಳ ಹರವಿ, ಕಾಲಿನಿಂದಲೇ ಸಾಲು ಎಳೆಯುತ್ತಿದ್ದಳು. ಮಳೆ ಬಂದರೆ ಕಾಳಿಗೆ ಹೊದಿಸುವ ತಾಡಪತ್ರಿ ಮೂಲೆಯಲ್ಲಿ ಮಡಚಿಟ್ಟಿತ್ತು. ಉಡುಪಿಯವನಾದ ನಾನು ಫೋನ್ ನೋಡಿ ಧೈರ್ಯವಾಗಿ ಹೇಳಿದೆ: "ಕರಾವಳಿಗೆ ಮಳೆ, ಮಲೆನಾಡಿಗೆ ಗುಡುಗು, ನಿಮ್ಮ ಬಯಲುಸೀಮೆಗೆ ಒಣಹವೆಯಂತೆ."

ಆಕೆ ಒಂದು ಕಾಳು ಕಚ್ಚಿ ನೋಡಿದಳು. "ಇನ್ನಾ ಹಸಿ ಐತಿ, ಸಂಜಿತನಕ ಬಿಸಿಲು ಬೇಕು. ನಿಮ್ ಫೋನಿಗೆ ಬಯಲುಸೀಮಿ ಎಲ್ಲಾ ಒಂದ ರೀ. ನಮಗ ಈ ದಿನದಾಗ ಮಳಿ ಕೊಟ್ಟೂರು ಕಡಿಂದ ಬರ್ತೈತಿ. ನೀವೆಲ್ಲಿಗೆ ಹೊಂಟೀರಿ?"

"ಕೊಟ್ಟೂರಿಗೇ."

"ಹಂಗಾರ ನನ್ ನಂಬರ್ ಬರ್ಕೊಳ್ರಿ ಅಣ್ಣ. ಅಲ್ಲಿ ಹನಿ ಬಿದ್ರ ಒಂದು ಮಿಸ್ ಕಾಲ್ ಕೊಡ್ರಿ, ಇಲ್ಲಾಂದ್ರ ಬ್ಯಾಡ. ಬಸ್ಸಿಗೆ ಹೋಗೋರಿಗೆಲ್ಲಾ ಹಿಂಗ ಹೇಳಿ ಕಳಸ್ತೀನಿ."

ಕೊಟ್ಟೂರಿನಲ್ಲಿ ಇಳಿಯುತ್ತಲೇ ಕನ್ನಡಕದ ಮೇಲೆ ಒಂದು ದಪ್ಪ ಹನಿ ಬಿತ್ತು. ಚೀಲ ನೆಲಕ್ಕಿಟ್ಟು ಮೊದಲು ಹನುಮಕ್ಕನಿಗೆ ಫೋನ್ ಹಚ್ಚಿದೆ. ಎರಡನೇ ರಿಂಗಿಗೇ ಆಕೆ ಕಟ್ ಮಾಡಿದಳು. ತಾಡಪತ್ರಿ ಎಳೆಯುವುದಕ್ಕೆ ಎರಡೂ ಕೈ ಬೇಕು.