ಮಗ್ಗ ನಿಂತ ದಿನದ ಟೆಸ್ಟು

ಇಚಲಕರಂಜಿಯ ಶಹಾಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಕಾಕಾ ಮೆಮೊರಿಯ ತೊಂದರೆಗಳನ್ನು ಓಣಿಯ ವಿದ್ಯುತ್ ಮಗ್ಗಗಳ ವಾರದ ರಜೆಯ ದಿನವೇ ನೋಡುತ್ತಿದ್ದರು. ಉಳಿದ ದಿನ ಓಣಿಯಲ್ಲಿ ಕರೆಂಟು ಏರಿಳಿಯುತ್ತದೆ, ತಪ್ಪು ಕರೆಂಟಿನದೋ ಮೆಮೊರಿಯದೋ ತಿಳಿಯುವುದಿಲ್ಲ ಎನ್ನುತ್ತಿದ್ದರು.

ಪ್ರಬಂಧದ ಲೆಕ್ಕ ಬೇಗ ಮುಗಿಯಲೆಂದು ನಾನು ಮೆಮೊರಿಯ ವೇಗ ಹೆಚ್ಚಿಸಿದ್ದೆ. ಆಮೇಲೆ ಕಂಪ್ಯೂಟರ್ ಚಾಲೂ ಆಗಲೇ ಇಲ್ಲ. ಸಲ್ಲಿಸಬೇಕಾದ ಪ್ರಬಂಧ ಅದರೊಳಗಿತ್ತು, ಬೇರೆ ಪ್ರತಿ ಇರಲಿಲ್ಲ. ಮಗ್ಗಗಳ ರಜೆಯ ದಿನ ನೋಡಿ ಅದನ್ನು ಅವರ ಅಂಗಡಿಗೆ ಒಯ್ದೆ.

“ಏನೇನ ಬದಲ ಮಾಡೀರಿ?”

“ಸ್ಪೀಡು, ಟೈಮಿಂಗು, ವೋಲ್ಟೇಜು. ಎಲ್ಲಾ ಒಮ್ಮೆಲೆ ಮಾಡೇನ್ರಿ.”

“ಭಾಳ ಶಾಣ್ಯಾರಽ ಹಿಂಗ ಮಾಡತಾರ್ರಿ. ಒಂದ ಬದಲ ಮಾಡಬೇಕು, ಆಮ್ಯಾಲೆ ಕಾಯಬೇಕು.”

ಪ್ರತಿ ಗಿರಾಕಿಗೂ ಅವರು ಹೇಳುತ್ತಿದ್ದುದು ಇದನ್ನೇ. ಬೋರ್ಡಿನ ಸಣ್ಣ ಸೆಲ್ ತೆಗೆದು, ಹೆಬ್ಬೆರಳಿನಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿದರು. ನಾನು ಬದಲಿಸಿದ್ದೆಲ್ಲ ಅಳಿಸಿಹೋಗಿ, ಮೊದಲಿನ ನಿಧಾನ ವೇಗದಲ್ಲಿ ಪರದೆ ಬೆಳಗಿತು. ನಾನು ಪ್ರಬಂಧವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ.

“ಈಗ ಮೆಮೊರಿ ಟೆಸ್ಟಿಗೆ ಹಚ್ಚೂಣ್ರಿ. ಎರಡು ತಾಸ ಆಗತೈತಿ. ಚಾ ಮಾಡತೇನಿ.” ಒಲೆಯ ಮೇಲೆ ನೀರಿಟ್ಟು, ಇನ್ನೊಂದು ಕುರ್ಚಿಯಲ್ಲಿದ್ದ ವೈರುಗಳನ್ನು ಎತ್ತಿ ನೆಲಕ್ಕಿಟ್ಟರು.

ನನಗೆ ಬೇಕಾದದ್ದು ಸಿಕ್ಕಿತ್ತು. “ಈಗ ಊರಿಗೆ ಬಸ್ಸೈತ್ರಿ ಕಾಕಾ, ನಾಳೆ ಬಂದು ಒಯ್ಯತೇನಿ,” ಎಂದೆ.

“ಹೌದ್ರಿ, ಹೋಗ್ರಿ. ಇದನ್ನ ನಾ ನೋಡಕೋತ ಕೂಡತೇನಿ.”

ಪಾತ್ರೆಯ ನೀರನ್ನು ಅರ್ಧ ಚೆಲ್ಲಿದರು. ನಮ್ಮೂರು ಗಡಹಿಂಗ್ಲಜಿಗೆ ಸಂಜೆಯವರೆಗೂ ಬಸ್ಸುಗಳಿದ್ದವು.