ಮಾವನವರ ಕಾರು ಕುಂಟಿದ ಸಂಜೆ

ಸತ್ತವರು ಮಾತಾಡುತ್ತಾರೆಂದು ಯಾರಾದರೂ ಹೇಳಿದರೆ ಮೊದಲು ನಾನು ನಕ್ಕುಬಿಡುತ್ತಿದ್ದೆ. ಬ್ಯಾಂಕಿನ ಕೆಲಸದವನು; ಸಹಿ ಇಲ್ಲದ ಯಾವುದನ್ನೂ ಒಪ್ಪಿ ಅಭ್ಯಾಸವಿಲ್ಲ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ.

ಆಗ ನಾನು ವರ್ಗವಾಗಿ ಬಂದು ನಾಸಿಕ್ ರೋಡಿನಲ್ಲಿದ್ದೆ. ಹೆಂಡತಿ ವಸುಧಾ ಔರಂಗಾಬಾದಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಆಡಲು ಹೋದರೆ ಮರಾಠಿಯೇ ಬರುತ್ತದೆ. ಅವಳ ಅಪ್ಪ ಗದಗಿನ ಕಡೆಯವರು. ಅವರು ತೀರಿಕೊಂಡ ಮೇಲೆ ಅವರ ಹಳೆಯ ಕಾರು ನಮ್ಮ ಪಾಲಿಗೆ ಬಂತು. ಅದನ್ನು ಅವರು ಎಂದೂ ಮೆಕ್ಯಾನಿಕ್ಕಿನ ಕೈಗೆ ಕೊಟ್ಟವರಲ್ಲ. ಬಾನೆಟ್ ತೆರೆದು, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ನನಗೆ ಒಳಗೊಳಗೇ ನಗು.

ಒಂದು ದಿನ ಔರಂಗಾಬಾದಿನಲ್ಲಿ ಅತ್ತೆಗೆ ತುರ್ತು ಆಪರೇಷನ್ ಎಂದು ಫೋನ್ ಬಂತು. ಒಳಗೆ ಹೋಗುವ ಮೊದಲು ಮಗಳನ್ನು ನೋಡಬೇಕಂತೆ. ತಕ್ಷಣ ಹೊರಟೆವು. ಗಂಗಾಪುರ ಸಮೀಪಿಸುವಾಗ, ಸಂಜೆ, ಕಾರು ಕುಂಟತೊಡಗಿತು. ನಿಲ್ಲಿಸಿದರೆ ಎಂಜಿನ್ ಇನ್ನೇನು ಆರಿಹೋಗುವಂತೆ ಗಡಗಡ ನಡುಗುತ್ತದೆ.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹಾಕಿ ಚಾಲೂ ಮಾಡಿದೆ. ನಡುಕ ಹೋಗಲಿಲ್ಲ. ಏನು ಮಾಡಲೂ ತೋಚದೆ ಬಗ್ಗಿ ನಿಂತಿದ್ದಾಗ ಕಿಟಕಿಯ ಕಡೆಯಿಂದ ಮಾತು ಕೇಳಿಸಿತು.

"ಪ್ಲಗ್ ಬಿಡ್ರಿ. ಅದು ಗಾಳಿ ಎಳೀಲಿಕ್ಕತ್ತದ. ಹಿಂದಿನ ರಬ್ಬರ್ ನಳಿಗಿ ಮ್ಯಾಲೆ ಬೆರಳಿಡ್ರಿ."

ದನಿ ವಸುಧಾಳದು. ಕನ್ನಡ ಮಾತ್ರ ಮಾವನವರದು. ಯೋಚಿಸದೆ ಬೆರಳಿಟ್ಟೆ. ಸೀಳೊಂದು ತಾಗಿ ಚರ್ಮವನ್ನು ಒಳಗೆಳೆಯಿತು. ಎಂಜಿನ್ ಒಂದೇ ಸಮನೆ ಓಡತೊಡಗಿತು. ಸೀಳಿಗೆ ಟೇಪು ಸುತ್ತಿದೆ.

"ನಿನಗ ಹ್ಯಾಂಗ ಗೊತ್ತಾತು?" ಎಂದೆ.

"ಕಾಯ?" ಎಂದಳು ಮರಾಠಿಯಲ್ಲಿ, ಏನು ಎಂಬಂತೆ. ಫೋನ್ ಹಿಡಿದು ಆಸ್ಪತ್ರೆಯ ಕರೆಗೆ ಕಾಯುತ್ತಿದ್ದ ಅವಳು ಬಾಯಿಯನ್ನೇ ತೆರೆದಿರಲಿಲ್ಲವಂತೆ.

ನಾವು ಆಸ್ಪತ್ರೆ ಮುಟ್ಟಿದಾಗ ಅತ್ತೆಯನ್ನು ಇನ್ನೂ ಒಳಗೆ ಒಯ್ದಿರಲಿಲ್ಲ. ವಸುಧಾ ಅವರ ಕೈ ಹಿಡಿದು ಸ್ವಲ್ಪ ಹೊತ್ತು ಮಾತಾಡಿದಳು. ಆಪರೇಷನ್ ಆದ ಮೇಲೆ ಅವರಿಗೆ ಎಚ್ಚರವಾಗಲೇ ಇಲ್ಲ.

ನಾನು ಕೇಳಿದ ಮಾತನ್ನು ಎಷ್ಟೋ ದಿನಗಳ ನಂತರ ಅವಳಿಗೆ ಹೇಳಿದೆ. ನನ್ನ ಸಮಾಧಾನಗಳನ್ನೂ ಸೇರಿಸಿದೆ. ಚಿಕ್ಕಂದಿನಲ್ಲಿ ಅಪ್ಪನಿಂದ ಕೇಳಿದ್ದು ಗಾಬರಿಯಲ್ಲಿ ಬಾಯಿಗೆ ಬಂದಿರಬಹುದು, ಆಮೇಲೆ ಮರೆತಿರಬಹುದು. ಆದರೆ ಒಳಗೆ ಕೂತವಳಿಗೆ ಸೀಳು ಹಿಂದಿನ ನಳಿಗೆಯಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಇಂದಿಗೂ ನನಗೆ ತಿಳಿದಿಲ್ಲ.

ವಸುಧಾಳಿಗೆ ಇದಾವುದೂ ಬೇಕಿರಲಿಲ್ಲ. ಒಂದೊಂದೇ ಕನ್ನಡ ಶಬ್ದ ಹುಡುಕಿಕೊಂಡು, ಕೊನೆಗೆ ಮರಾಠಿಗೇ ಜಾರಿ ಕೇಳಿದಳು.

"ಅಪ್ಪ... ನನಗ... ಏನೂ ಹೇಳಿಲ್ಲ ಕಾ?"